ನಿವೃತ್ತಿ ದಿನ ಗೊತ್ತು, ನಡುವಿನದು ಗೊತ್ತಿಲ್ಲ: ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯದರ್ಶಿಯವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಕಳೆದ ತಿಂಗಳು ಒಂದು ಮಧ್ಯಾಹ್ನ ನಮ್ಮ ನಾಡಕಚೇರಿಯಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಎರಡು ನಿಮಿಷ ಕಿರುಚಿ ಸುಮ್ಮನಾಯಿತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಬಂದಿದ್ದವರು ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತರು. ನಾವು ನಾಲ್ಕು ಜನ ಒಳಗೆ ಚಹಾ ತರಿಸಿಕೊಂಡೆವು. ಆಗ ಪಕ್ಕದ ವೃತ್ತಕ್ಕೆ ಹೊಸದಾಗಿ ಬಂದಿರುವ ಹುಡುಗಿ ಕೇಳಿದಳು: "ಸರ್, ಇಲ್ಲಿ ಎಷ್ಟು ವರ್ಷಕ್ಕೆ ಆರ್‌ಐ ಆಗ್ತೀವಿ?"

ಆರ್‌ಐ ಅಂದರೆ ರೆವಿನ್ಯೂ ಇನ್‌ಸ್ಪೆಕ್ಟರ್, ನಮ್ಮಂಥ ಗ್ರಾಮ ಆಡಳಿತ ಅಧಿಕಾರಿಗಳಿಗೆ ಮೇಲಿನ ಹುದ್ದೆ. ಯಾರೂ ಉತ್ತರ ಕೊಡಲಿಲ್ಲ. ಆಪರೇಟರ್ ಹುಡುಗ ನಕ್ಕ. ಹಿರಿಯರೊಬ್ಬರು "ಮೊದ್ಲು ಪ್ರೊಬೇಷನ್ ಮುಗೀಲಿ ಮೇಡಂ" ಅಂದರು. ಆಕೆಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಬಿಇ ಓದಿ, ಬೆಂಗಳೂರಿನಲ್ಲಿ ಕಂಪನಿ ಕೆಲಸ ಬಿಟ್ಟು, 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳ ಪರೀಕ್ಷೆ ಪಾಸಾಗಿ ಬಂದವಳು. ನನ್ನ ಮುಖ ನೋಡಿದಳು. ನಾನು ಎಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಮ್ಮ ಬ್ಯಾಚಿಗೆ ಪರೀಕ್ಷೆ ಇರಲಿಲ್ಲ, ಪಿಯುಸಿ ಅಂಕದ ಮೇಲೆ ಜಿಲ್ಲಾಧಿಕಾರಿ ಕಚೇರಿಯಿಂದ ಆಯ್ಕೆ. 22ನೇ ವಯಸ್ಸಿಗೆ ಸೇರಿದೆ. ಎಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನೂ ಎಷ್ಟೋ ಜನರನ್ನು ಕೇಳಿದ್ದೇನೆ. ಉತ್ತರ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಈ ಪತ್ರ. ಕೆಳಗೆ ನನ್ನ ಹೆಸರಿಲ್ಲ, ದಯವಿಟ್ಟು ಕ್ಷಮಿಸಿ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದು ಅಂತ 2021ರ ನಡತೆ ನಿಯಮಗಳಿವೆ. ಇದು ಟೀಕೆ ಅಲ್ಲ, ಪ್ರಶ್ನೆ. ಆದರೂ ಪ್ರಶ್ನೆಗೂ ಟೀಕೆಗೂ ನಡುವೆ ಗೆರೆ ಎಳೆಯುವವರು ನನಗಿಂತ ಮೇಲಿನವರು, ಅಲ್ವಾ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಂಬಳ ಕಮ್ಮಿ ಅಂತ ಅಳುವ ಪತ್ರ ಇದಲ್ಲ. ಸುಧಾಕರ್ ರಾವ್ ಅವರ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ನಮ್ಮ ಶ್ರೇಣಿ ಈಗ 34,100ರಿಂದ 67,600. ಎರಡು ಎಕರೆಯಲ್ಲಿ ರಾಗಿ ಬೆಳೆಯುವ ನಮ್ಮ ಅಪ್ಪ ಆ ಪೇ ಸ್ಲಿಪ್ಪನ್ನು ಎರಡು ಸಲ ಓದಿಸಿಕೊಂಡರು. ಹೆಣ್ಣು ಕೇಳಲು ಹೋದರೆ "ಹುಡುಗ ಗವರ್ನಮೆಂಟ್ ಕೆಲ್ಸದಲ್ಲಿದ್ದಾನೆ" ಅನ್ನುವ ಒಂದೇ ಮಾತಿಗೆ ಚಹಾದ ಜೊತೆ ಉಪ್ಪಿಟ್ಟೂ ಬರುತ್ತದೆ. ಇದನ್ನೆಲ್ಲ ಪಡೆದುಕೊಂಡು ಗೊಣಗುವುದು ತಪ್ಪು. ನಾನು ಗೊಣಗುತ್ತಿರುವುದು ಬೇರೆಯದಕ್ಕೆ.

ನೌಕರರ ಸೇವಾ ದಾಖಲೆ ಇಡುವ ಸರ್ಕಾರದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ನನ್ನ ಹುಟ್ಟಿದ ದಿನಾಂಕ ಇದೆ. ಅದರ ಲೆಕ್ಕದಲ್ಲಿ ನಾನು 2055ರಲ್ಲಿ, ನಾನು ಹುಟ್ಟಿದ ತಿಂಗಳಿನ ಕೊನೇ ದಿನ, ಕಚೇರಿಯಿಂದ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತೇನೆ. ಆ ಹುಡುಗಿ 2061ರಲ್ಲಿ ಹೋಗುತ್ತಾಳೆ. ಮೂವತ್ತು ಚಿಲ್ಲರೆ ವರ್ಷದ ಆಚೆ ನಾವು ಯಾವತ್ತು ಹೊರಡುತ್ತೇವೆ ಅನ್ನುವುದು ಸರ್ಕಾರಕ್ಕೆ ದಿನದ ಲೆಕ್ಕದಲ್ಲಿ ಗೊತ್ತು. ಅಲ್ಲಿಯವರೆಗೆ ನಾವು ಏನಾಗಿರುತ್ತೇವೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ನಿಮ್ಮ ಸೇವೆಯಲ್ಲಿ ಹಾಗಿಲ್ಲ, ಮಾನ್ಯರೇ. ಐಎಎಸ್‌ಗೆ ಸೇರಿದ ದಿನವೇ ಗೊತ್ತಿರುತ್ತದೆ: 4 ವರ್ಷಕ್ಕೆ ಸೀನಿಯರ್ ಟೈಮ್ ಸ್ಕೇಲ್, 9 ವರ್ಷಕ್ಕೆ ಜೂನಿಯರ್ ಅಡ್ಮಿನಿಸ್ಟ್ರೇಟಿವ್ ಗ್ರೇಡ್, 13 ವರ್ಷಕ್ಕೆ ಸೆಲೆಕ್ಷನ್ ಗ್ರೇಡ್. ಯಾರಾದರೂ ತಪ್ಪು ಮಾಡಿದರೆ, ವಿಚಾರಣೆ ನಡೆಯುತ್ತಿದ್ದರೆ ನಿಲ್ಲಬಹುದು. ಇಲ್ಲದಿದ್ದರೆ ಜನವರಿ ಬಂದ ಹಾಗೆ ಅದೂ ಬರುತ್ತದೆ. ಅದನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿಲ್ಲ. ವೇಳಾಪಟ್ಟಿ ಇಟ್ಟುಕೊಂಡು ಬಡ್ತಿ ಕೊಡುವುದು ಹೇಗೆ ಅನ್ನುವುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ ಅಂತ ಹೇಳುತ್ತಿದ್ದೇನೆ, ಅಷ್ಟೇ.

ನಾನು ಸೇರಿದಾಗ ನನಗೆ ಕೆಲಸ ಕಲಿಸಿದವರು ಒಬ್ಬರು ಹಿರಿಯ ವಿಎ, ಅಂದರೆ ವಿಲೇಜ್ ಅಕೌಂಟೆಂಟ್; ನಮ್ಮ ಹುದ್ದೆಯ ಹಳೆ ಹೆಸರು. ಅಣ್ಣ ಅಂತಲೇ ಕರೆಯುತ್ತಿದ್ದೆ. ಪಹಣಿಯ ಹನ್ನೊಂದನೇ ಕಾಲಂ ನೋಡಿ ಆ ಜಮೀನಿನ ಮೂರು ತಲೆಮಾರಿನ ಜಗಳ ಹೇಳುತ್ತಿದ್ದರು. ಮಳೆಗೆ ಮನೆ ಬಿದ್ದರೆ, ಪಂಚನಾಮೆಗೆ ಹೋದವರು ಮೊದಲು ಒಲೆ ಎಲ್ಲಿತ್ತು ಅಂತ ನೋಡುತ್ತಿದ್ದರು. ಒಲೆ ಇದ್ದ ಮನೆ ವಾಸದ ಮನೆ, ಇಲ್ಲದ್ದು ಬರೀ ಕೊಟ್ಟಿಗೆ ಅನ್ನುವುದು ಅವರ ಲೆಕ್ಕ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಡುವುದಿಲ್ಲ. ಇಲಾಖಾ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಸರ್ಟಿಫಿಕೇಟುಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಇಪ್ಪತ್ತೇಳು ವರ್ಷ ವಿಎ ಆಗಿಯೇ ಇದ್ದರು. ನಿವೃತ್ತಿಗೆ ಹನ್ನೊಂದು ತಿಂಗಳು ಇರುವಾಗ ಆರ್‌ಐ ಆದೇಶ ಬಂತು, ಅದೂ ಮನೆಯಿಂದ ಅರವತ್ತು ಕಿಲೋಮೀಟರ್ ದೂರದ ಹೋಬಳಿಗೆ. ಬಿಪಿ, ಶುಗರ್ ಎರಡೂ ಇತ್ತು. ಆದರೂ ಹೋದರು. "ಮಗನ ಮದುವೆ ಕಾರ್ಡಲ್ಲಿ ರೆವಿನ್ಯೂ ಇನ್‌ಸ್ಪೆಕ್ಟರ್ ಅಂತ ಹಾಕಿಸ್ಬೇಕು ಕಣೋ" ಅಂದರು. ಹಾಕಿಸಿದರು. ನಾನು ಆ ಕಾರ್ಡ್ ಇಟ್ಟುಕೊಂಡಿದ್ದೇನೆ.

ಅಣ್ಣನ ಕಥೆಯಲ್ಲಿ ಯಾರೂ ಖಳನಾಯಕರಿಲ್ಲ. ಯಾರೋ ಅವರ ಫೈಲನ್ನು ಬೇಕಂತಲೇ ಒತ್ತಿ ಹಿಡಿದಿದ್ದರು ಅಂತ ಅವರೂ ಹೇಳಲಿಲ್ಲ. ಸುಮ್ನೆ ಆಗಲಿಲ್ಲ, ಅಷ್ಟೇ. ನನಗೆ ಭಯ ಆಗುವುದು ಅದಕ್ಕೇ.

ಲೆಕ್ಕ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ರಾಜ್ಯದಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳು 9,000ಕ್ಕೂ ಜಾಸ್ತಿ. ಹೋಬಳಿಗಳು 700 ಚಿಲ್ಲರೆ, ಹೋಬಳಿಗೊಬ್ಬರು ಆರ್‌ಐ. ಅದೇ ದರ್ಜೆಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಕುರ್ಚಿಗಳು ತಾಲ್ಲೂಕು ಕಚೇರಿಗಳಲ್ಲಿವೆ, ನಿಜ. ಅವಕ್ಕೆ ಎಸ್‌ಡಿಎಗಳ (ದ್ವಿತೀಯ ದರ್ಜೆ ಸಹಾಯಕರ) ಸಾಲೂ ನಿಂತಿದೆ. ಅಲ್ಲಿಂದ ಮುಂದೆ ಶಿರಸ್ತೇದಾರ್, ಉಪ ತಹಶೀಲ್ದಾರ್. ಆಮೇಲೆ ತಹಶೀಲ್ದಾರ್ ಗ್ರೇಡ್-2. ಅಷ್ಟು ಹೊತ್ತಿಗೆ ಮೇಲಿನಿಂದ ಕೆಪಿಎಸ್‌ಸಿ ನೇರ ನೇಮಕಾತಿಯವರೂ ಬಂದು ಕೂತಿರುತ್ತಾರೆ. ಮೆಟ್ಟಿಲು ಇದೆ, ಆದರೆ ತಳದಲ್ಲಿ ಜಾತ್ರೆಯಷ್ಟು ಜನ ನಿಂತಿದ್ದೇವೆ. ಎಲ್ಲ ಸರಿಯಾಗಿ ನಡೆದರೂ ನಮ್ಮಲ್ಲಿ ಬಹಳ ಜನ ತಹಶೀಲ್ದಾರ್ ಕುರ್ಚಿ ನೋಡುವುದಿಲ್ಲ. ಅದು ನನಗೆ ಗೊತ್ತು, ಒಪ್ಪಿಕೊಂಡಿದ್ದೇನೆ. ಆದರೆ ಆಗುವುದಿಲ್ಲ ಅಂತ 26ನೇ ವಯಸ್ಸಿಗೆ ಗೊತ್ತಾದರೆ ಬೇರೆ ದಾರಿ ಹುಡುಕಬಹುದು. 52ಕ್ಕೆ ಗೊತ್ತಾದರೆ?

ಇನ್ನು ಎಲ್ಲ ಸರಿಯಾಗಿ ನಡೆಯುವ ಮಾತು. ಬಡ್ತಿಗೆ ಮೂಲ ಜ್ಯೇಷ್ಠತಾ ಪಟ್ಟಿ. ಮೊದಲು ತಾತ್ಕಾಲಿಕ ಪಟ್ಟಿ ಬರುತ್ತದೆ, ಆಕ್ಷೇಪಣೆ ಕರೆಯುತ್ತಾರೆ, ಆಮೇಲೆ ಅಂತಿಮ ಪಟ್ಟಿ. ನಾನಿರುವ ಕಡೆ ತಾತ್ಕಾಲಿಕ ಪಟ್ಟಿ ಬಂದಾಗ ನನ್ನ ಸೇರಿದ ದಿನಾಂಕವೇ ತಪ್ಪಾಗಿತ್ತು. ಆದೇಶದ ಪ್ರತಿ, ಸೇವಾ ಪುಸ್ತಕದ ಜೆರಾಕ್ಸ್ ಎಲ್ಲ ಇಟ್ಟು ಆಕ್ಷೇಪಣೆ ಕೊಟ್ಟೆ. ಸ್ವೀಕೃತಿ ಸೀಲು ಹಾಕಿಕೊಟ್ಟರು. ಅಂತಿಮ ಪಟ್ಟಿ ಬರಲಿಲ್ಲ. ಒಂದೂವರೆ ವರ್ಷದ ಮೇಲೆ ಮತ್ತೆ ತಾತ್ಕಾಲಿಕ ಪಟ್ಟಿ ಬಂತು, ಅದೇ ತಪ್ಪು ದಿನಾಂಕದ ಜೊತೆ. ಮತ್ತೆ ಜೆರಾಕ್ಸ್, ಮತ್ತೆ ಸೀಲು. ದಿನಕ್ಕೆ ಐವತ್ತು ಜನರ ದಾಖಲೆ ತಿದ್ದಿಕೊಡುವವನು ನಾನು. ನನ್ನದೊಂದು ತಾರೀಖು ತಿದ್ದಿಸಿಕೊಳ್ಳಲು ಆಗಿಲ್ಲ.

ಕೋರ್ಟಿನ ಕಾರಣಗಳೂ ಇವೆ. 2017ರ ಫೆಬ್ರುವರಿಯಲ್ಲಿ ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆ ಕುರಿತ 2002ರ ಕಾಯ್ದೆಯ ಮುಖ್ಯ ಭಾಗವನ್ನು ತಳ್ಳಿಹಾಕಿತು. ಇಲಾಖೆಗಳೆಲ್ಲ ಪಟ್ಟಿ ಮತ್ತೆ ಬರೆಯಲು ಕೂತವು. ರಾಜ್ಯ ಹೊಸ ಕಾಯ್ದೆ ತಂದಿತು, 2019ರ ಮೇ ತಿಂಗಳಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮತ್ತೊಮ್ಮೆ ಪಟ್ಟಿ. ಮೀಸಲಾತಿ ಬೇಕು ಅನ್ನುವವನೇ ನಾನು, ಯಾರ ಮೇಲೂ ದೂರು ಹೇಳಲು ಇದನ್ನು ಎತ್ತಿದ್ದಲ್ಲ. ಹೇಳುವುದು ಇಷ್ಟು: ತೀರ್ಪು ಬಂದು ಎಷ್ಟೋ ವರ್ಷವಾಯಿತು. ಇವತ್ತಿಗೂ ಪಟ್ಟಿ ಯಾಕೆ ಬಂದಿಲ್ಲ ಅಂತ ಕೇಳಿದರೆ "ಕೋರ್ಟ್ ಮ್ಯಾಟರ್ ಇದೆ" ಅನ್ನುತ್ತಾರೆ. ಯಾವ ಕೋರ್ಟು, ಯಾವ ಮ್ಯಾಟರು ಅಂತ ಕೇಳಿದರೆ ಹೇಳುವವರಿಲ್ಲ. ಕೋರ್ಟ್ ಅನ್ನುವುದು ಈಗ ಮಳೆ ಬಂದಿಲ್ಲ ಅನ್ನುವ ಹಾಗೆ ಆಗಿಬಿಟ್ಟಿದೆ.

ಮೇಲಿನ ಹುದ್ದೆ ಖಾಲಿ ಬಿದ್ದರೆ ಆಗ ಬರುವುದು ರೂಲ್ 32. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆಸಿಎಸ್‌ಆರ್) 32ನೇ ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ, ಓದುವ ಜನರಿಗಾಗಿ ಹೇಳುತ್ತೇನೆ. ಬಡ್ತಿ ಕೊಡದೆ, ಮೇಲಿನ ಹುದ್ದೆಯ ಪ್ರಭಾರ ಮಾತ್ರ ಕೊಡುವುದು. ಕೆಲಸ ಆರ್‌ಐದು, ಸಹಿ ಆರ್‌ಐದು, ತಪ್ಪಾದರೆ ನೋಟಿಸೂ ಆರ್‌ಐಗೇ. ಸಣ್ಣದೊಂದು ಪ್ರಭಾರ ಭತ್ಯೆ ಬರುತ್ತದೆ. ಜ್ಯೇಷ್ಠತೆಗೆ ಆ ವರ್ಷಗಳು ಲೆಕ್ಕಕ್ಕಿಲ್ಲ. ತಾತ್ಕಾಲಿಕ ವ್ಯವಸ್ಥೆ ಅಂತ ಇದನ್ನು ಮಾಡಿದ್ದು. ವರ್ಷಗಟ್ಟಲೆ ಪ್ರಭಾರದಲ್ಲೇ ಇರುವವರನ್ನು ನಾನು ನೋಡಿದ್ದೇನೆ. ಕೆಲಸ ಮಾಡಲು ಅರ್ಹ, ಹುದ್ದೆಗೆ ಅರ್ಹ ಅಲ್ಲ ಅನ್ನುವುದು ಯಾವ ನ್ಯಾಯ?

"ಕಾಲಮಿತಿ ಬಡ್ತಿ ಇದೆಯಲ್ಲ" ಅನ್ನುತ್ತೀರಿ. ಇದೆ. 10 ವರ್ಷಕ್ಕೆ ಕಾಲಮಿತಿ ಬಡ್ತಿ, 15ಕ್ಕೆ ಸ್ವಯಂಚಾಲಿತ ಬಡ್ತಿ, ಆಮೇಲೆ 20, 25, 30ಕ್ಕೆ ಒಂದೊಂದು ಇಂಕ್ರಿಮೆಂಟು. 1983ರಲ್ಲಿ ಕಾಲಮಿತಿ ಬಡ್ತಿಯ ನಿಯಮ ಮಾಡಿದವರಿಗೆ ನಮಸ್ಕಾರ. ಅವರಿಂದಾಗಿ ಅಣ್ಣನ ಮಕ್ಕಳು ಓದಿದರು. ಆದರೆ ಹೆಸರಿನಲ್ಲಿ ಬಡ್ತಿ ಅಂತ ಇದ್ದರೂ ಅದು ದುಡ್ಡು ಮಾತ್ರ. ಸ್ಕೇಲ್ ಬದಲಾಗುತ್ತದೆ, ಕುರ್ಚಿ ಅದೇ, ಕೆಲಸ ಅದೇ. ಇಪ್ಪತ್ತೈದು ವರ್ಷ ಅನುಭವ ಇರುವವನೂ ನಿನ್ನೆ ಬಂದವನೂ ಒಂದೇ ಬೆಳೆ ಸಮೀಕ್ಷೆಗೆ, ಒಂದೇ ಮೊಬೈಲ್ ಹಿಡಿದು, ಒಂದೇ ಬಿಸಿಲಲ್ಲಿ ಹೋಗುತ್ತಾರೆ. ಅನುಭವವನ್ನು ಎಲ್ಲೂ ಬಳಸಿಕೊಳ್ಳದ ವ್ಯವಸ್ಥೆ ಇದು.

ಮೊಬೈಲ್ ಅಂದೆ ನೋಡಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಲ, 2025ರ ಫೆಬ್ರುವರಿಯಲ್ಲಿ ಇನ್ನೊಂದು ಸಲ ನಮ್ಮವರು ಮುಷ್ಕರ ಕೂತರು. ಪತ್ರಿಕೆಗಳಲ್ಲಿ ಬಂದದ್ದು ಆ್ಯಪ್‌ಗಳ ಸುದ್ದಿ. ಆಧಾರ್ ಜೋಡಣೆಗೆ ಒಂದು, ಸರ್ಕಾರಿ ಜಮೀನಿಗೆ ಲ್ಯಾಂಡ್ ಬೀಟ್, ಬೆಳೆಗೆ ಒಂದು, ಪಿಂಚಣಿಗೆ ನವೋದಯ, ಹೀಗೆ. ಅದು ನಿಜವಾದ ಕಷ್ಟವೇ. ಆದರೆ ಆ್ಯಪ್ ಗಲಾಟೆಯಲ್ಲಿ ಬಡ್ತಿ ಬೇಡಿಕೆ ಮುಳುಗಿಹೋಯಿತು. ನನ್ನ ಕೇಳಿದರೆ ಅದೇ ದೊಡ್ಡದು. ಹೊಸ ಆ್ಯಪ್ ಬಂದರೆ ಒಂದು ವಾರದಲ್ಲಿ ಕಲಿಯುತ್ತೇವೆ.

ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸಿಲ್ಲ ಅನ್ನಿಸುತ್ತದೆ. 2006ರ ಏಪ್ರಿಲ್ 1ರ ನಂತರ ಸೇರಿದ ನಾವೆಲ್ಲ ಹೊಸ ಪಿಂಚಣಿ ಯೋಜನೆಯಲ್ಲಿ (ಎನ್‌ಪಿಎಸ್) ಇದ್ದೇವೆ. ಹಳೆ ಪಿಂಚಣಿ ಬೇಕೋ ಬೇಡವೋ ಅನ್ನುವ ಜಗಳ ಬೇರೆ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಹಳೆ ಪದ್ಧತಿಯಲ್ಲಿ ಪಿಂಚಣಿ ನಿಲ್ಲುತ್ತಿದ್ದುದು ಕೊನೆಯ ಸಂಬಳದ ಮೇಲೆ. ಅಣ್ಣನಿಗೆ ಹನ್ನೊಂದು ತಿಂಗಳು ಮುಂಚೆ ಬಂದ ಬಡ್ತಿಯೂ ಪಿಂಚಣಿಯಲ್ಲಿ ಸ್ವಲ್ಪ ಕೆಲಸ ಮಾಡಿತು. ನಮಗೆ ಹಾಗಲ್ಲ. ತಿಂಗಳು ತಿಂಗಳು ಮೂಲ ವೇತನ, ಡಿಎ ಮೇಲೆ ಹಿಡಿದ ದುಡ್ಡು ಬೆಳೆಯಬೇಕು. 35ನೇ ವಯಸ್ಸಿನಲ್ಲಿ ಕಟ್ಟಿದ ರೂಪಾಯಿಗೆ ಬೆಳೆಯಲು ಇಪ್ಪತ್ತೈದು ವರ್ಷ ಇದೆ, 58ರಲ್ಲಿ ಕಟ್ಟಿದ್ದಕ್ಕೆ ಎರಡೇ ವರ್ಷ. ಅಂದರೆ ಬಡ್ತಿ ಐದು ವರ್ಷ ತಡವಾದರೆ ನಮಗೆ ಹೋಗುವುದು ಐದು ವರ್ಷದ ಸಂಬಳದ ವ್ಯತ್ಯಾಸ ಮಾತ್ರವಲ್ಲ, ಮುದಿವಯಸ್ಸಿನ ಗಂಟಿನಲ್ಲೂ ಒಂದು ಪಾಲು. ಪಿಂಚಣಿ ನಿಯಮ ಬದಲಾಯಿತು, ಬಡ್ತಿ ಮಾತ್ರ ಹಳೆ ಕಾಲದ ನಿಧಾನದಲ್ಲೇ ಉಳಿಯಿತು.

ಇದಕ್ಕೆಲ್ಲ ನಮ್ಮ ವಯಸ್ಸಿನವರು ಕಂಡುಕೊಂಡಿರುವ ಮದ್ದು ಒಂದೇ: ಓದಿ ಹೊರಗೆ ಹೋಗುವುದು. ನನ್ನ ಬ್ಯಾಚಿನಲ್ಲಿ ಚುರುಕಾಗಿದ್ದ ಮೂವರು ಈಗ ಪಿಡಿಒ, ಒಬ್ಬ ಪಿಎಸ್‌ಐ. ಉಳಿದವರು ಗಳಿಕೆ ರಜೆ ಹಾಕಿ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿ ಕೆಎಎಸ್‌ಗೆ ಓದುತ್ತಾರೆ. ನಾನೂ ಓದಿದೆ. 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆ ಬರೆದವರಲ್ಲಿ ನಾನೊಬ್ಬ. ಕನ್ನಡ ಅನುವಾದ ಅರ್ಥವಾಗದೆ ಇಂಗ್ಲಿಷ್ ಪ್ರಶ್ನೆ ಓದಿ ಉತ್ತರ ಬರೆದೆವು. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಕನ್ನಡವೇ ತೊಡಕಾದದ್ದು ಅವತ್ತೇ ಮೊದಲು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು, ಅನುವಾದದ ಗೋಳು ಆಗಲೂ ತಪ್ಪಲಿಲ್ಲ. ಅದಿರಲಿ. ಒಳ್ಳೆಯ ಹುಡುಗರು ಇಲಾಖೆಗೆ ಬಂದ ದಿನದಿಂದಲೇ ಇಲಾಖೆ ಬಿಡಲು ಓದುತ್ತಿದ್ದರೆ, ಹಳ್ಳಿಯ ಮುದುಕಿಯ ಪೌತಿ ಖಾತೆ ಯಾರ ತಲೆಯಲ್ಲಿ ಇರುತ್ತದೆ?

ಹೊರಗೆ ಹೋಗಲೂ ಆಗದೆ, ಮೇಲೆ ಹೋಗಲೂ ಆಗದೆ ಉಳಿದವರಲ್ಲಿ ಕೆಲವರು ಮೂರನೇ ದಾರಿ ಹಿಡಿಯುತ್ತಾರೆ. ಲೋಕಾಯುಕ್ತ ಬಲೆಗೆ ಬಿದ್ದ ಸುದ್ದಿಯಲ್ಲಿ ನಮ್ಮ ಹುದ್ದೆಯ ಹೆಸರು ಆಗಾಗ ಕಾಣುತ್ತದೆ. ಬಡ್ತಿ ಸಿಗಲಿಲ್ಲ ಅಂತ ಲಂಚ ತಿನ್ನುವುದಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ತಿನ್ನುವವರು ಮೊದಲ ತಿಂಗಳೇ ತಿನ್ನುತ್ತಾರೆ. ಆದರೆ ಹತ್ತು ವರ್ಷ ನೆಟ್ಟಗೆ ಇದ್ದು ಹನ್ನೊಂದನೇ ವರ್ಷ ಬಾಗಿದವರನ್ನೂ ಒಬ್ಬಿಬ್ಬರನ್ನು ಬಲ್ಲೆ. ನೆಟ್ಟಗೆ ಇದ್ದದ್ದಕ್ಕೂ ಬಾಗಿದ್ದಕ್ಕೂ ಸೇವಾ ಪುಸ್ತಕದಲ್ಲಿ ಏನೂ ವ್ಯತ್ಯಾಸ ಕಾಣದಿದ್ದಾಗ ಮನಸ್ಸು ಕೆಡುತ್ತದೆ.

ಈಗ ನಾನು ಕೇಳುವುದು. ದೊಡ್ಡದೇನೂ ಅಲ್ಲ, ಜಾಸ್ತಿ ದುಡ್ಡಿನದೂ ಅಲ್ಲ.

ಮುಂದಿನ ಹತ್ತು ವರ್ಷದಲ್ಲಿ ಪ್ರತಿ ಜಿಲ್ಲೆಯಲ್ಲಿ ಯಾವ ಆರ್‌ಐ, ಯಾವ ಶಿರಸ್ತೇದಾರ್ ಯಾವ ತಿಂಗಳು ನಿವೃತ್ತಿಯಾಗುತ್ತಾರೆ ಅನ್ನುವುದು ಎಚ್‌ಆರ್‌ಎಂಎಸ್‌ನಲ್ಲಿ ಇವತ್ತೇ ಇದೆ. ಅದನ್ನು ತೆಗೆದು ಪ್ರಕಟಿಸಿ. ಪಕ್ಕದಲ್ಲಿ ಅಂತಿಮ ಜ್ಯೇಷ್ಠತಾ ಪಟ್ಟಿ ಹಾಕಿ, ಪ್ರತಿ ವರ್ಷ ಜನವರಿಯಲ್ಲಿ. ಎರಡನ್ನೂ ಇಟ್ಟು ನೋಡಿದರೆ ನನ್ನ ಸರದಿ 2034ಕ್ಕೋ 2044ಕ್ಕೋ ಅಂತ ನಾನೇ ಲೆಕ್ಕ ಹಾಕಿಕೊಳ್ಳುತ್ತೇನೆ. ಸಾವು, ರಾಜೀನಾಮೆ, ಕೋರ್ಟು ಬಂದು ಲೆಕ್ಕ ಒಂದೆರಡು ವರ್ಷ ಆಚೀಚೆ ಆಗಲಿ, ಪರವಾಗಿಲ್ಲ. ಪಟ್ಟಿ ತಡೆಹಿಡಿದಿದ್ದರೆ ಯಾವ ಪ್ರಕರಣ, ಯಾವ ನಂಬರು ಅಂತ ಅದರ ಕೆಳಗೆ ಒಂದು ಸಾಲು ಬರೆಯಿರಿ. ಖಾಲಿ ಆಗುವ ಹುದ್ದೆಗೆ, ಖಾಲಿ ಆಗುವ ಮುಂಚೆಯೇ ಇಲಾಖಾ ಬಡ್ತಿ ಸಮಿತಿಯ (ಡಿಪಿಸಿ) ಸಭೆ ನಡೆಸಿ. 31ಕ್ಕೆ ನಿವೃತ್ತಿ ಅಂತ ಹತ್ತು ವರ್ಷದಿಂದ ಗೊತ್ತಿದ್ದ ಕುರ್ಚಿಗೆ 1ನೇ ತಾರೀಖು ಪ್ರಭಾರ ಹುಡುಕುವುದು ಯಾಕೆ?

ಇನ್ನೊಂದು, ಪರೀಕ್ಷೆ. ಪೊಲೀಸ್ ಪೇದೆಗೆ ಪಿಎಸ್‌ಐ ಆಗಲು ಸೇವಾನಿರತರ ಕೋಟಾ ಇದೆ. ಅಂಚೆ ಇಲಾಖೆಯಲ್ಲಿ ಗ್ರಾಮೀಣ ಡಾಕ್ ಸೇವಕರು ಇಲಾಖೆಯ ಒಳಗಿನ ಸೀಮಿತ ಸ್ಪರ್ಧೆ ಬರೆದು ಪೋಸ್ಟ್‌ಮ್ಯಾನ್ ಆಗುತ್ತಾರೆ. ನಮಗೂ ಅಂಥದ್ದೊಂದು ಕೊಡಿ. ಹತ್ತು ವರ್ಷ ಹಳ್ಳಿಯಲ್ಲಿ ದುಡಿದವರಿಗೆ ಮಾತ್ರ, ಉಪ ತಹಶೀಲ್ದಾರ್ ಹುದ್ದೆಗಳಲ್ಲಿ ಒಂದು ಸಣ್ಣ ಪಾಲು. ಪ್ರಶ್ನೆ ಪಹಣಿ, ಪೋಡಿ, ಪೌತಿ, ಪಂಚನಾಮೆಯ ಮೇಲೆ ಇರಲಿ. ಹಿರಿತನದಲ್ಲಿ ಹಿಂದೆ ಇದ್ದರೂ ಕೆಲಸದಲ್ಲಿ ಮುಂದೆ ಇರುವವನಿಗೆ ಒಂದು ಬಾಗಿಲು ಇರುತ್ತದೆ. ನಮ್ಮ ಸಂಘದಲ್ಲೇ ಇದಕ್ಕೆ ವಿರೋಧ ಇದೆ, ಹಿರಿಯರಿಗೆ ಅನ್ಯಾಯ ಆಗುತ್ತದೆ ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಅದಕ್ಕೇ ಸಣ್ಣ ಪಾಲು ಅಂದೆ.

ಜಿಲ್ಲೆಯ ಗೋಡೆ ಬಗ್ಗೆಯೂ ಒಂದು ಮಾತು. ನಮ್ಮ ಜ್ಯೇಷ್ಠತೆ ಜಿಲ್ಲೆಯದು. ಸ್ವಂತ ಕೋರಿಕೆ ಮೇಲೆ ಬೇರೆ ಕಡೆ ಹೋದರೆ ಅಲ್ಲಿನ ಪಟ್ಟಿಯ ಬಾಲಕ್ಕೆ. ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಗಂಡನ ಊರೋ ಬಡ್ತಿಯೋ ಅನ್ನುವ ಆಯ್ಕೆ. ನಾನು ಹೇಳಿದ ಆ ಹುಡುಗಿಯದೂ ಬೇರೆ ಜಿಲ್ಲೆ. ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರಂತೆ.

ನಮ್ಮ ಹುದ್ದೆಗೂ ಒಂದು ಚರಿತ್ರೆ ಇದೆ. ತಲೆತಲಾಂತರದ ಶಾನುಭೋಗಿಕೆ, ಪಟೇಲಿಕೆ ತೆಗೆಯಲು 1961ರಲ್ಲಿ ಕಾನೂನು ಮಾಡಿದರು. ಅಪ್ಪನಿಂದ ಮಗನಿಗೆ ಹೋಗುತ್ತಿದ್ದ ಕೆಲಸ ಯಾರು ಬೇಕಾದರೂ ಪಡೆಯಬಹುದಾದ ಕೆಲಸವಾಯಿತು. ಹಾಗಾಗಿಯೇ ನನ್ನಂಥವನು ಇಲ್ಲಿದ್ದಾನೆ. ಊರಿನ ಮುದುಕರು ಈಗಲೂ ನನ್ನನ್ನು "ಶಾನುಭೋಗ್ರೇ" ಅಂತಲೇ ಕರೆಯುತ್ತಾರೆ. ಶಾನುಭೋಗರಿಗೆ ಬಡ್ತಿ ಇರಲಿಲ್ಲ. ನಮಗೆ ಇದೆ ಅಂತ ನಿಯಮ ಹೇಳುತ್ತದೆ.

ನನ್ನ ಸಂಬಳದಲ್ಲಿ ಪ್ರತಿ ತಿಂಗಳು ಕೆಜಿಐಡಿ ಕಂತು ಕಟ್ ಆಗುತ್ತದೆ. ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಆ ವಿಮೆ ಶುರು ಮಾಡಿದ್ದು 1891ರಲ್ಲಿ. ನೌಕರ ಸತ್ತರೆ ಮುಂದೇನು ಅಂತ ನೂರಮೂವತ್ತು ವರ್ಷದ ಹಿಂದೆಯೇ ಯೋಚಿಸಿದ ಆಡಳಿತ ಇದು. ಬದುಕಿದ್ದರೆ ಮುಂದೇನು ಅಂತಲೂ ಯೋಚಿಸಬಹುದು.

ಆ ಹುಡುಗಿಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಇಲಾಖಾ ಪರೀಕ್ಷೆಗೆ ಕರೆದ ಕೂಡಲೇ ಅರ್ಜಿ ಹಾಕಿ ಮೇಡಂ, ಕಂಪ್ಯೂಟರ್ ಪರೀಕ್ಷೆಯನ್ನೂ ಮುಗಿಸಿಬಿಡಿ ಅಂತ ಮಾತ್ರ ಹೇಳಿದೆ. ನನ್ನ ಹಳೆಯ ಅಕೌಂಟ್ಸ್ ಪುಸ್ತಕವನ್ನೇ ಕೊಟ್ಟಿದ್ದೇನೆ. ಅದು ಮೊದಲು ಅಣ್ಣನದಾಗಿತ್ತು. ಒಳಗಡೆ ಮೊದಲ ಪುಟದಲ್ಲಿ ಅವರ ಹೆಸರು, ಕೆಳಗೆ ನನ್ನ ಹೆಸರು. ಆಕೆ ಪೆನ್ನು ತೆಗೆದಳು, ಎರಡು ಹೆಸರನ್ನೂ ನೋಡಿದಳು, ಏನನ್ನಿಸಿತೋ, ಬರೆಯದೆ ಪುಸ್ತಕ ಬ್ಯಾಗಿಗೆ ಹಾಕಿಕೊಂಡಳು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗ್ರಾಮ ಆಡಳಿತ ಅಧಿಕಾರಿ